ನೆರಳಿನ ನಡುವೆ ಬೆಳಕಿನ ಚುಕ್ಕೆ
ಅಗಸ್ಟಿನ್ ಫ್ರೆನೆಲ್ (1788–1827)

ಮಕ್ಕಳೇ, ನಿಮ್ಮ ಶಾಲೆಯ ವಿಜ್ಞಾನ ಪೆಟ್ಟಿಗೆಯಲ್ಲಿ ಒಂದು ಭೂತಗನ್ನಡಿ ಇರಬಹುದು. ಹಗಲು ಹೊತ್ತಿನಲ್ಲಿ, ಕಿಟಕಿಯ ಎದುರಿನ ಗೋಡೆಯ ಹತ್ತಿರ ಅದನ್ನು ಹಿಡಿದು ಮೆಲ್ಲನೆ ಹಿಂದೆ ಮುಂದೆ ಸರಿಸಿ ನೋಡಿ. ಒಂದು ಜಾಗದಲ್ಲಿ ಗೋಡೆಯ ಮೇಲೆ ಕಿಟಕಿಯ ಪುಟ್ಟ ಚಿತ್ರ ಮೂಡುತ್ತದೆ. ಕಿಟಕಿಯ ಸರಳು, ಹೊರಗಿನ ಮರ, ಆಕಾಶ, ಎಲ್ಲವೂ ತಲೆಕೆಳಗು! ನಡುವೆ ಉಬ್ಬಿರುವ ಗಾಜು ಬೆಳಕಿನ ಕಿರಣಗಳನ್ನು ಬಾಗಿಸಿ ಒಂದೆಡೆ ಸೇರಿಸುವುದರಿಂದ ಹೀಗಾಗುತ್ತದೆ. ಇದು ನಿಮಗೆ ಗೊತ್ತಿರುವ ವಿಷಯವೇ.

ಈಗ ಇನ್ನೊಂದು ವಸ್ತುವನ್ನು ಕಲ್ಪಿಸಿಕೊಳ್ಳಿ. ಅದು ಉಬ್ಬೂ ಇಲ್ಲದ ತಗ್ಗೂ ಇಲ್ಲದ ಚಪ್ಪಟೆಯಾದ ತೆಳು ಹಾಳೆ. ಅದರ ಮೇಲೆ ಒಂದರ ಸುತ್ತ ಒಂದರಂತೆ ಕಪ್ಪು ಉಂಗುರಗಳಿವೆ. ಎರಡು ಕಪ್ಪು ಉಂಗುರಗಳ ನಡುವಿನ ಜಾಗ ಪಾರದರ್ಶಕ. ಅಷ್ಟೇ. ಈ ಹಾಳೆಯೂ ಗೋಡೆಯ ಮೇಲೆ ಚಿತ್ರ ಮೂಡಿಸಬಲ್ಲದು ಎಂದರೆ ನಂಬುತ್ತೀರಾ? ಬೆಳಕಿನ ಅರ್ಧ ಭಾಗವನ್ನು ಕಪ್ಪು ಉಂಗುರಗಳು ತಡೆದುಬಿಡುತ್ತವೆ. ಆದರೂ ಚಿತ್ರದ ಜಾಗದಲ್ಲಿ ಬೆಳಕು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ!

ಈ ವಿಚಿತ್ರದ ಲೆಕ್ಕವನ್ನು ಮೊದಲು ಹಾಕಿದವನು ಫ್ರಾನ್ಸ್ ದೇಶದ ಒಬ್ಬ ರಸ್ತೆ ಎಂಜಿನಿಯರ್. ಹೆಸರು ಅಗಸ್ಟಿನ್ ಫ್ರೆನೆಲ್. (ಇಂಗ್ಲಿಷಿನಲ್ಲಿ ಈ ಹೆಸರನ್ನು ಬರೆದಾಗ ನಡುವೆ ‘ಎಸ್’ ಅಕ್ಷರ ಬರುತ್ತದೆ. ಆದರೆ ಅದನ್ನು ಉಚ್ಚರಿಸುವುದಿಲ್ಲ.) ಅಂಥ ಹಾಳೆಯನ್ನು ಆತ ಮಾಡಲೂ ಇಲ್ಲ, ನೋಡಲೂ ಇಲ್ಲ. ಅದು ತಯಾರಾಗುವ ಹೊತ್ತಿಗೆ ಆತ ತೀರಿಕೊಂಡು ನಲವತ್ತು ವರ್ಷಗಳೇ ಕಳೆದಿದ್ದವು.

ಫ್ರೆನೆಲ್ ಹುಟ್ಟಿದ್ದು 1788ರ ಮೇ 10ರಂದು, ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಬ್ರೊಯಿ ಎಂಬ ಊರಿನಲ್ಲಿ. ತಂದೆ ಕಟ್ಟಡಗಳ ವಿನ್ಯಾಸಕಾರ. ಮರು ವರ್ಷವೇ ಫ್ರಾನ್ಸಿನಲ್ಲಿ ಮಹಾಕ್ರಾಂತಿ ಶುರುವಾಯಿತು. ಸಂಸಾರ ಊರಿಂದೂರಿಗೆ ಹೋಗಿ ಕೊನೆಗೆ ಕಾನ್ ನಗರದ ಹತ್ತಿರದ ಮ್ಯಾತ್ಯೂ ಎಂಬ ಹಳ್ಳಿಯಲ್ಲಿ ನೆಲೆ ನಿಂತಿತು. ನಾಲ್ವರು ಅಣ್ಣತಮ್ಮಂದಿರಲ್ಲಿ ಅಗಸ್ಟಿನ್ ಎರಡನೆಯವನು. ಮೈಯಲ್ಲಿ ಸದಾ ಒಂದಲ್ಲ ಒಂದು ಕಾಯಿಲೆ. ಬಾಯಿಪಾಠವೆಂದರೆ ಆಗದು. ಮನೆಯವರು ಅವನನ್ನು ಮಂದ ಎಂದೇ ತಿಳಿದಿದ್ದರು. ಆದರೆ ಓರಗೆಯ ಹುಡುಗರ ಅಭಿಪ್ರಾಯ ಬೇರೆ! ಒಂಬತ್ತು ಹತ್ತು ವರ್ಷದ ಅಗಸ್ಟಿನ್ ಮರದ ಕೊಂಬೆಗಳಿಂದ ಆಟದ ಬಿಲ್ಲು, ಆಟದ ತುಪಾಕಿ ಮಾಡುತ್ತಿದ್ದ. ಯಾವ ಕೊಂಬೆ ಗಟ್ಟಿ, ಯಾವುದು ಹೆಚ್ಚು ಬಾಗುತ್ತದೆ ಎಂದು ನೋಡಿ ಆರಿಸುತ್ತಿದ್ದ. ಆಟಿಕೆಗಳು ಆಟಿಕೆಗಳಾಗಿ ಉಳಿಯಲಿಲ್ಲ, ನಿಜವಾದ ಆಯುಧಗಳಷ್ಟೇ ಬಲವಾದವು. ಹಿರಿಯರೆಲ್ಲ ಸೇರಿ ಆ ಆಟವನ್ನೇ ನಿಲ್ಲಿಸಬೇಕಾಯಿತು.

ಮುಂದೆ ಗಣಿತ ಅವನ ಕೈಹಿಡಿಯಿತು. 1804ರಲ್ಲಿ, ಹದಿನಾರನೆಯ ವಯಸ್ಸಿಗೆ, ಪ್ಯಾರಿಸ್ಸಿನ ಹೆಸರಾಂತ ಎಕೋಲ್ ಪಾಲಿಟೆಕ್ನಿಕ್ ಸೇರಿದ. ಆಮೇಲೆ ರಸ್ತೆ, ಸೇತುವೆಗಳ ಎಂಜಿನಿಯರಿಂಗ್ ಕಲಿತು ಸರ್ಕಾರಿ ನೌಕರನಾದ. ದೂರದ ಹಳ್ಳಿಗಾಡಿನಲ್ಲಿ ರಸ್ತೆ ಹಾಕಿಸುವ ಕೆಲಸ. ಮಣ್ಣು, ಜಲ್ಲಿ, ಕೂಲಿಯ ಲೆಕ್ಕ. ಕೆಲಸವನ್ನು ನಿಷ್ಠೆಯಿಂದ ಮಾಡಿದರೂ ಅದರಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಸಂಜೆ ಬಿಡುವಾದಾಗ ಒಂದೇ ಯೋಚನೆ: ಬೆಳಕು ಎಂದರೆ ಏನು?

ಆಗ ಇದಕ್ಕೆ ಎರಡು ಉತ್ತರಗಳಿದ್ದವು. ಬೆಳಕು ಅತಿ ಸಣ್ಣ ಕಣಗಳ ಧಾರೆ ಎಂದು ನ್ಯೂಟನ್ ಹೇಳಿದ್ದ. ಅದು ಅಲೆ ಎಂದು ಹಾಲೆಂಡಿನ ಹೈಗನ್ಸ್ ಹೇಳಿದ್ದ. ನ್ಯೂಟನ್ನನ ಹೆಸರು ದೊಡ್ಡದು. ಹಾಗಾಗಿ ಫ್ರಾನ್ಸಿನ ದೊಡ್ಡ ವಿಜ್ಞಾನಿಗಳೂ ಕಣಗಳ ಕಡೆಗೇ ಇದ್ದರು. ಇಂಗ್ಲೆಂಡಿನಲ್ಲಿ ಥಾಮಸ್ ಯಂಗ್ ಎಂಬ ವೈದ್ಯ ಅಲೆಯ ಪರವಾಗಿ ಒಳ್ಳೆಯ ಪ್ರಯೋಗಗಳನ್ನು ಮಾಡಿದ್ದ. ಆದರೆ ಫ್ರೆನೆಲ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹಾಗಾಗಿ ಆ ಸುದ್ದಿ ಅವನಿಗೆ ತಲುಪಿರಲಿಲ್ಲ. ಎಲ್ಲವನ್ನೂ ಮೊದಲಿನಿಂದ ತಾನೇ ಯೋಚಿಸಬೇಕಿತ್ತು.

1815ರ ಮಾರ್ಚ್ ತಿಂಗಳು. ಎಲ್ಬಾ ದ್ವೀಪಕ್ಕೆ ಗಡೀಪಾರಾಗಿದ್ದ ನೆಪೋಲಿಯನ್ ತಪ್ಪಿಸಿಕೊಂಡು ಬಂದು ಮತ್ತೆ ಅಧಿಕಾರ ಹಿಡಿದ. ಫ್ರೆನೆಲ್ ರಾಜನ ಪಕ್ಷದವನು. ನೆಪೋಲಿಯನ್ನನ ವಿರುದ್ಧ ಹೋರಾಡುತ್ತೇನೆಂದು ಕೆಲಸ ಬಿಟ್ಟು ಹೊರಟ. ಆದರೆ ದೇಹ ಕೇಳಬೇಕಲ್ಲ? ಕಾಯಿಲೆ ಬಿದ್ದು ವಾಪಸಾದ. ಊರಿನ ಜನ ಅವನ ಮನೆಯ ಕಿಟಕಿಗಾಜು ಒಡೆದರು. ಸರ್ಕಾರ ಕೆಲಸದಿಂದ ಅಮಾನತು ಮಾಡಿತು. ಪೊಲೀಸರ ಕಣ್ಣು ಬೇರೆ. ಕೊನೆಗೆ ಹಳ್ಳಿಯಲ್ಲಿದ್ದ ತಾಯಿಯ ಮನೆಗೆ ಹೋಗಲು ಅಪ್ಪಣೆ ಸಿಕ್ಕಿತು. ದಾರಿಯಲ್ಲಿ ಪ್ಯಾರಿಸ್ಸಿನಲ್ಲಿ ಅರಾಗೊ ಎಂಬ ಖಗೋಳ ವಿಜ್ಞಾನಿಯನ್ನು ಕಂಡ. ಬೆಳಕಿನ ಬಗ್ಗೆ ಯಾರು ಯಾರು ಏನೇನು ಮಾಡಿದ್ದಾರೆಂದು ಅರಾಗೊ ಅವನಿಗೆ ತಿಳಿಸಿದ. ಮುಂದೆ ಕೊನೆಯವರೆಗೂ ಫ್ರೆನೆಲ್‌ನ ಬೆನ್ನಿಗೆ ನಿಂತವನು ಈ ಅರಾಗೊ.

ಕೆಲಸ ಕಳೆದುಕೊಂಡ ಎಂಜಿನಿಯರ್‌ಗೆ ಹಳ್ಳಿಯಲ್ಲಿ ಈಗ ಸಮಯವೇ ಸಮಯ. ಆದರೆ ಪ್ರಯೋಗಶಾಲೆ ಎಲ್ಲಿಂದ ಬರಬೇಕು? ಊರಿನ ಬೀಗ ಮಾಡುವವನೊಬ್ಬ ಬೇಕಾದ ಚೌಕಟ್ಟುಗಳನ್ನು ಮಾಡಿಕೊಟ್ಟ. ಬೆಳಕು ಒಂದು ಸಣ್ಣ ಚುಕ್ಕೆಯಿಂದ ಹೊರಡಬೇಕಿತ್ತು. ಅದಕ್ಕೆ ತುಂಬ ಪುಟ್ಟ ಮಸೂರ ಬೇಕು. ಫ್ರೆನೆಲ್ ತಾಮ್ರದ ತಗಡಿಗೆ ಸಣ್ಣ ತೂತು ಮಾಡಿ ಅದರಲ್ಲಿ ಒಂದು ಹನಿ ಜೇನುತುಪ್ಪ ಇಟ್ಟ! ಜೇನಿನ ಉಬ್ಬಿದ ಹನಿಯೇ ಮಸೂರವಾಯಿತು. ಅದರ ಮೂಲಕ ಹಾದ ಬಿಸಿಲಿಗೆ ಒಂದು ತೆಳು ತಂತಿಯನ್ನು ಅಡ್ಡ ಹಿಡಿದು ಅದರ ನೆರಳನ್ನು ಪರೀಕ್ಷಿಸಿದ.

ನೆರಳು ಎಂದರೆ ಬರೀ ಕಪ್ಪು ಎಂದು ನಾವು ತಿಳಿದಿರುತ್ತೇವೆ. ಹತ್ತಿರದಿಂದ ನೋಡಿದಾಗ ಹಾಗಿರಲಿಲ್ಲ. ನೆರಳಿನ ಅಂಚಿನ ಆಚೆಗೂ ಪಟ್ಟೆಗಳು, ನೆರಳಿನ ಒಳಗೂ ಪಟ್ಟೆಗಳು. ಒಂದು ಬೆಳಕು, ಒಂದು ಕತ್ತಲೆ, ಮತ್ತೆ ಬೆಳಕು. ಫ್ರೆನೆಲ್ ತಂತಿಯ ಒಂದು ಅಂಚಿಗೆ ಕಪ್ಪು ಕಾಗದ ಅಂಟಿಸಿ, ಆ ಕಡೆಯಿಂದ ಬರುವ ಬೆಳಕನ್ನು ತಡೆದ. ಆಗ ನೆರಳಿನ ಒಳಗಿನ ಪಟ್ಟೆಗಳೆಲ್ಲ ಮಾಯ! ಅಂದರೆ ತಂತಿಯ ಎರಡೂ ಬದಿಯಿಂದ ಬಾಗಿ ಬಂದ ಬೆಳಕು ಒಂದಕ್ಕೊಂದು ಸೇರಿ ಆ ಪಟ್ಟೆಗಳನ್ನು ಮಾಡುತ್ತಿತ್ತು. ಕಣಗಳು ಹೀಗೆ ಮಾಡಲಾರವು, ಅಲೆಗಳು ಮಾಡಬಲ್ಲವು. ಕೆರೆಗೆ ಎರಡು ಕಲ್ಲು ಎಸೆದಾಗ ನೋಡಿಲ್ಲವೇ? ಒಂದರ ಉಬ್ಬು ಇನ್ನೊಂದರ ಉಬ್ಬಿನ ಜೊತೆ ಸೇರಿದಲ್ಲಿ ನೀರು ಇನ್ನೂ ಏಳುತ್ತದೆ. ಉಬ್ಬಿಗೆ ತಗ್ಗು ಎದುರಾದಲ್ಲಿ ನೀರು ಸುಮ್ಮನಾಗುತ್ತದೆ. ಅಂಚು ಸಿಕ್ಕಲ್ಲಿ ಬೆಳಕು ಹೀಗೆ ಬಾಗಿ ಹರಡುವುದಕ್ಕೆ ವಿವರ್ತನೆ ಎಂದು ಹೆಸರು.

ಅದೇ ಜೂನ್ ತಿಂಗಳಲ್ಲಿ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ ಸೋತ. ಫ್ರೆನೆಲ್‌ಗೆ ಕೆಲಸ ಮರಳಿ ಸಿಕ್ಕಿತು. ಹಾಗೆಂದರೆ ಮತ್ತೆ ರಸ್ತೆ, ಮತ್ತೆ ಜಲ್ಲಿ. ಅರಾಗೊ ಓಡಾಡಿ ಅವನಿಗೆ ಆಗಾಗ ರಜೆ ಕೊಡಿಸಿದ.

1817ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ವಿವರ್ತನೆಯ ಬಗ್ಗೆಯೇ ಒಂದು ಬಹುಮಾನದ ಸ್ಪರ್ಧೆ ಸಾರಿತು. 1818ರಲ್ಲಿ ಫ್ರೆನೆಲ್ ತನ್ನ ಪ್ರಬಂಧ ಕಳಿಸಿದ. ತೀರ್ಪುಗಾರರು ಐವರು. ಅವರಲ್ಲಿ ಲಾಪ್ಲಾಸ್, ಬಿಯೊ, ಪ್ವಾಸೊನ್ ಈ ಮೂವರೂ ಕಣವಾದಿಗಳು. ಅಲೆಯ ಪರ ಇದ್ದವನು ಅರಾಗೊ ಒಬ್ಬನೇ. ಗೇ ಲುಸಾಕ್ ಯಾವ ಕಡೆಗೂ ಇರಲಿಲ್ಲ.

ಪ್ವಾಸೊನ್ ಲೆಕ್ಕದಲ್ಲಿ ಮಹಾ ಚತುರ. ಫ್ರೆನೆಲ್‌ನ ಸೂತ್ರವನ್ನು ಹಿಡಿದು ತಾನೇ ಒಂದು ಲೆಕ್ಕ ಮಾಡಿದ. ಬೆಳಕಿಗೆ ಒಂದು ದುಂಡು ಬಿಲ್ಲೆಯನ್ನು ಅಡ್ಡ ಹಿಡಿದರೆ ಅದರ ನೆರಳಿನ ನಟ್ಟನಡುವೆ ಒಂದು ಬೆಳಕಿನ ಚುಕ್ಕೆ ಇರಬೇಕು ಎಂದು ಲೆಕ್ಕ ಹೇಳಿತು. ಏಕೆಂದರೆ ಬಿಲ್ಲೆಯ ಸುತ್ತಲ ಅಂಚಿನಿಂದ ನಡುವಿಗೆ ದೂರ ಎಲ್ಲ ಕಡೆಯಿಂದಲೂ ಒಂದೇ. ಎಲ್ಲ ಅಲೆಗಳೂ ಒಟ್ಟಿಗೆ ಹೆಜ್ಜೆ ಹಾಕಿ ಅಲ್ಲಿಗೆ ಬಂದು ಸೇರಬೇಕು. ಬಿಲ್ಲೆ ಅಡ್ಡ ಇದ್ದರೂ ನಡುವೆ ಬೆಳಕೇ? ಪ್ವಾಸೊನ್‌ಗೆ ಇದು ಶುದ್ಧ ಅಸಂಬದ್ಧವಾಗಿ ಕಂಡಿತು. ಈ ಒಂದು ಮಾತಿನಿಂದಲೇ ಅಲೆಯ ವಾದ ಬಿದ್ದುಹೋಗಬೇಕಿತ್ತು.

ಅರಾಗೊ ವಾದಕ್ಕೆ ಹೋಗಲಿಲ್ಲ, ಪ್ರಯೋಗಕ್ಕೆ ಹೋದ. 2 ಮಿಲಿಮೀಟರ್ ಅಗಲದ ಲೋಹದ ಬಿಲ್ಲೆಯನ್ನು ಮೇಣದಿಂದ ಗಾಜಿನ ಮೇಲೆ ಅಂಟಿಸಿ, ಬೆಳಕಿಗೆ ಹಿಡಿದು ನೋಡಿದ. ನೆರಳಿನ ನಡುವೆ ಚುಕ್ಕೆ ಹೊಳೆಯುತ್ತಿತ್ತು! 1819ರ ಮಾರ್ಚ್‌ನಲ್ಲಿ ಬಹುಮಾನ ಫ್ರೆನೆಲ್‌ಗೆ ಬಂತು. ತಮಾಷೆಯೆಂದರೆ, ಚುಕ್ಕೆಯನ್ನು ಇಲ್ಲವೆಂದು ತೋರಿಸಹೊರಟ ಪ್ವಾಸೊನ್‌ನ ಹೆಸರೇ ಅದಕ್ಕೆ ಅಂಟಿಕೊಂಡಿತು. ಇಂದಿಗೂ ಅದು ಪ್ವಾಸೊನ್ ಚುಕ್ಕೆ.

ಆ ಪ್ರಬಂಧದಲ್ಲೇ ನಮ್ಮ ಚಪ್ಪಟೆ ಹಾಳೆಯ ಗುಟ್ಟೂ ಅಡಗಿತ್ತು. ಬರುವ ಬೆಳಕನ್ನು ಫ್ರೆನೆಲ್ ಮನಸ್ಸಿನಲ್ಲೇ ಉಂಗುರ ಉಂಗುರವಾಗಿ ಭಾಗ ಮಾಡಿದ. ಎದುರಿನ ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟುಕೊಳ್ಳಿ. ನಡುವಿನ ವೃತ್ತದಿಂದ ಆ ಚುಕ್ಕೆಗೆ ದೂರ ಕಡಿಮೆ. ಅದರ ಹೊರಗಿನ ಉಂಗುರದಿಂದ ದೂರ ಅರ್ಧ ಅಲೆಯಷ್ಟು ಹೆಚ್ಚು. ಅದರಾಚೆಯದು ಇನ್ನೂ ಅರ್ಧ ಅಲೆ ಹೆಚ್ಚು. ಹಾಗಾಗಿ ಒಂದು ಉಂಗುರದ ಬೆಳಕು ಉಬ್ಬಾಗಿ ಬಂದರೆ ಪಕ್ಕದ ಉಂಗುರದ ಬೆಳಕು ತಗ್ಗಾಗಿ ಬರುತ್ತದೆ. ಎರಡೂ ಒಂದನ್ನೊಂದು ಹೆಚ್ಚುಕಡಿಮೆ ಅಳಿಸಿಹಾಕುತ್ತವೆ.

ಉಯ್ಯಾಲೆಯ ಉದಾಹರಣೆ ನೋಡೋಣ. ಗೆಳತಿ ಉಯ್ಯಾಲೆಯಲ್ಲಿ ಕೂತಿದ್ದಾಳೆ. ಹತ್ತು ಜನ ಸೇರಿ ತಳ್ಳುತ್ತಿದ್ದೀರಿ. ಐದು ಜನ ಸರಿಯಾದ ಹೊತ್ತಿಗೆ ತಳ್ಳುತ್ತಾರೆ. ಇನ್ನೈದು ಜನ ಉಯ್ಯಾಲೆ ಹಿಂದಕ್ಕೆ ಬರುವಾಗಲೇ ತಳ್ಳಿ ತಡೆಯುತ್ತಾರೆ. ಉಯ್ಯಾಲೆ ಏರುವುದೇ ಇಲ್ಲ. ಹೊತ್ತು ತಪ್ಪಿ ತಳ್ಳುವ ಐವರನ್ನು ದೂರ ಕಳಿಸಿ ನೋಡಿ. ತಳ್ಳುವವರು ಅರ್ಧಕ್ಕಿಳಿದರೂ ಉಯ್ಯಾಲೆ ಮುಗಿಲಿಗೇರುತ್ತದೆ! ಚಪ್ಪಟೆ ಹಾಳೆಯ ಕಪ್ಪು ಉಂಗುರಗಳು ಮಾಡುವುದು ಇದನ್ನೇ. ಹೆಜ್ಜೆ ತಪ್ಪಿದ ಬೆಳಕನ್ನು ಅವು ತಡೆಯುತ್ತವೆ. ಉಳಿದ ಬೆಳಕೆಲ್ಲ ಒಟ್ಟಿಗೆ ಹೆಜ್ಜೆ ಹಾಕಿ ಒಂದೆಡೆ ಸೇರುತ್ತದೆ. ಈ ಹಾಳೆಗೆ ವಲಯ ಫಲಕ ಎನ್ನೋಣ.

ಬಹುಮಾನ ಬಂದ ಮೇಲೆ ಫ್ರೆನೆಲ್‌ನ ದಾರಿ ಸಮುದ್ರದ ಕಡೆ ತಿರುಗಿತು. ಆಗಿನ ದೀಪಸ್ತಂಭಗಳಲ್ಲಿ ಎಣ್ಣೆ ದೀಪದ ಹಿಂದೆ ಕನ್ನಡಿ ಇಡುತ್ತಿದ್ದರು. ಕನ್ನಡಿಗಳು ಬೆಳಕಿನ ಬಹುಭಾಗವನ್ನು ನುಂಗುತ್ತಿದ್ದವು. ದೂರದ ಹಡಗಿಗೆ ದೀಪ ಕಾಣದೆ ಎಷ್ಟೋ ಹಡಗುಗಳು ಬಂಡೆಗೆ ಬಡಿದು ಮುಳುಗುತ್ತಿದ್ದವು. 1819ರಲ್ಲಿ ಅರಾಗೊ ತನ್ನ ಗೆಳೆಯನನ್ನು ಫ್ರಾನ್ಸಿನ ದೀಪಸ್ತಂಭ ಆಯೋಗದ ಕೆಲಸಕ್ಕೆ ಸೇರಿಸಿದ.

ಕನ್ನಡಿಯ ಬದಲು ಮಸೂರ ಇಡೋಣ ಎಂದರೆ ಅಷ್ಟು ದೊಡ್ಡ ಉಬ್ಬು ಗಾಜು ಬಲು ದಪ್ಪ, ಬಲು ಭಾರ. ಫ್ರೆನೆಲ್ ಯೋಚಿಸಿದ: ಬೆಳಕು ಬಾಗುವುದು ಗಾಜಿನ ಮೇಲ್ಮೈಯಲ್ಲಿ ಮಾತ್ರ. ಒಳಗಿನ ದಪ್ಪ ಗಾಜು ಏತಕ್ಕೆ? ಅದನ್ನು ತೆಗೆದುಹಾಕಿ, ಮೇಲಿನ ಬಾಗನ್ನಷ್ಟೇ ಉಂಗುರಗಳಾಗಿ ಕತ್ತರಿಸಿ ಒಂದೇ ಮಟ್ಟದಲ್ಲಿ ಜೋಡಿಸಿದರೆ ಸಾಕು. ಇಂಥ ಯೋಚನೆ ಹಿಂದೆ ಬುಫೊನ್ ಎಂಬ ವಿಜ್ಞಾನಿಗೂ ಬಂದಿತ್ತು. ಆದರೆ ಬೇರೆ ಬೇರೆ ಗಾಜಿನ ತುಂಡುಗಳನ್ನು ಜೋಡಿಸಿ, ದೀಪಸ್ತಂಭದಲ್ಲಿ ನಿಲ್ಲಿಸಿ, ಬೆಳಗಿಸಿ ತೋರಿಸಿದವನು ಫ್ರೆನೆಲ್.

ಇಲ್ಲಿ ಒಂದು ಎಚ್ಚರಿಕೆ. ದೀಪಸ್ತಂಭದ ಫ್ರೆನೆಲ್ ಮಸೂರಕ್ಕೂ ವಲಯ ಫಲಕಕ್ಕೂ ಉಂಗುರಗಳಿವೆ. ಎರಡರ ಜೊತೆಗೂ ಫ್ರೆನೆಲ್‌ನ ಹೆಸರಿದೆ. ದೊಡ್ಡವರೂ ಎರಡನ್ನೂ ಒಂದೇ ಎಂದುಕೊಳ್ಳುವುದುಂಟು. ಆದರೆ ಮಸೂರದ ಉಂಗುರಗಳು ಗಾಜಿನ ಇಳಿಜಾರುಗಳು. ಅಲ್ಲಿ ಬೆಳಕು ಬಾಗುವುದು ವಕ್ರೀಭವನದಿಂದ, ಭೂತಗನ್ನಡಿಯಲ್ಲಿ ಆಗುವಂತೆ. ವಲಯ ಫಲಕಕ್ಕೆ ಇಳಿಜಾರೇ ಇಲ್ಲ. ಅಲ್ಲಿ ಕೆಲಸ ಮಾಡುವುದು ವಿವರ್ತನೆ. ಉಪಾಧ್ಯಾಯರ ತರಬೇತಿಯಲ್ಲಿ ಹಿಂದೆ ಬಳಸುತ್ತಿದ್ದ ಓವರ್‌ಹೆಡ್ ಪ್ರೊಜೆಕ್ಟರ್ ನೆನಪಿದೆಯೇ ಎಂದು ನಿಮ್ಮ ಮೇಷ್ಟ್ರನ್ನು ಕೇಳಿ. ಅದರಲ್ಲಿ ಹಾಳೆ ಇಡುವ ಗಾಜಿನ ಕೆಳಗೆ ಸಣ್ಣ ಸಣ್ಣ ಉಂಗುರದ ಗೆರೆಗಳಿರುವ ಚಪ್ಪಟೆ ಪ್ಲಾಸ್ಟಿಕ್ ಫಲಕ ಇರುತ್ತಿತ್ತು. ಅದು ಮೊದಲನೆಯ ಜಾತಿಯದು, ಅಂದರೆ ಫ್ರೆನೆಲ್ ಮಸೂರ.

ಫ್ರಾನ್ಸಿನ ಜಿರೋಂದ್ ನದಿ ಸಮುದ್ರ ಸೇರುವಲ್ಲಿ ಕೊರ್ದುವಾನ್ ಎಂಬ ಹಳೆಯ ದೀಪಸ್ತಂಭವಿದೆ. ಸುತ್ತ ನೀರು, ಬಂಡೆ, ಗಾಳಿ. ಮಸೂರದ ತುಂಡುಗಳನ್ನು ಅಲ್ಲಿಗೆ ಸಾಗಿಸಿ ಜೋಡಿಸಬೇಕಿತ್ತು. ಕ್ಷಯರೋಗದಿಂದ ಸೊರಗಿದ್ದ ಫ್ರೆನೆಲ್ ತಾನೇ ಅಲ್ಲಿ ನಿಂತು, ಕೆಲವು ಭಾಗಗಳನ್ನು ತನ್ನ ಕೈಯಾರೆ ಜೋಡಿಸಿದ. 1823ರ ಜುಲೈ 25ರಂದು ದೀಪ ಹೊತ್ತಿತು. 32 ಕಿಲೋಮೀಟರಿಗೂ ದೂರದ ಹಡಗುಗಳಿಗೆ ಅದು ಕಾಣಿಸಿತು. ಅದೇ ವರ್ಷ ವಿಜ್ಞಾನ ಅಕಾಡೆಮಿ ಅವನನ್ನು ಸರ್ವಾನುಮತದಿಂದ ಸದಸ್ಯನನ್ನಾಗಿ ಆರಿಸಿತು.

ಕೆಮ್ಮಿನಲ್ಲಿ ರಕ್ತ ಬರತೊಡಗಿತು. ಆಗ ಕ್ಷಯಕ್ಕೆ ಔಷಧವೇ ಇರಲಿಲ್ಲ. ಒಂದೊಂದಾಗಿ ಬೇರೆ ಕೆಲಸಗಳನ್ನು ಬಿಟ್ಟು, ಉಳಿದ ಶಕ್ತಿಯನ್ನೆಲ್ಲ ದೀಪಸ್ತಂಭಗಳಿಗೆ ಮೀಸಲಿಟ್ಟ. ಬೆಳಕಿನ ಬಗ್ಗೆ ಇನ್ನೂ ಎಷ್ಟೋ ಪ್ರಶ್ನೆಗಳು ಅವನ ಮುಂದಿದ್ದವು. ಅವನ್ನು ಬದಿಗಿಟ್ಟು ಹಡಗಿನವರ ಜೀವ ಉಳಿಸುವ ಕೆಲಸ ಆರಿಸಿಕೊಂಡದ್ದು ಸಣ್ಣ ತ್ಯಾಗವಲ್ಲ. ಲಂಡನ್ನಿನ ರಾಯಲ್ ಸೊಸೈಟಿ ರಂಫರ್ಡ್ ಪದಕ ಕೊಟ್ಟಿತು. ಅದನ್ನು ಅರಾಗೊ ತಂದುಕೊಟ್ಟಾಗ ಫ್ರೆನೆಲ್ ಸಾವಿನ ಹಾಸಿಗೆಯಲ್ಲಿದ್ದ. 1827ರ ಜುಲೈ 14ರಂದು, ಪ್ಯಾರಿಸ್ ಹತ್ತಿರದ ವಿಲ್ ದಾವ್ರೆಯಲ್ಲಿ ತೀರಿಕೊಂಡಾಗ ಆತನ ವಯಸ್ಸು 39. ದೀಪಸ್ತಂಭದ ಕೆಲಸವನ್ನು ತಮ್ಮ ಲಿಯೊನೊರ್ ಮುಂದುವರಿಸಿದ. ಪ್ಯಾರಿಸ್ಸಿನ ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಫ್ರೆನೆಲ್‌ನದೂ ಒಂದು.

ಇನ್ನು ನಮ್ಮ ಚಪ್ಪಟೆ ಹಾಳೆ. 1871ರಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ಫ್ರೆನೆಲ್‌ನ ಉಂಗುರಗಳನ್ನು ನಿಜವಾಗಿಯೂ ಬರೆದು ವಲಯ ಫಲಕ ಮಾಡಿದ. 1875ರಲ್ಲಿ ಸ್ವಿಟ್ಜರ್ಲೆಂಡಿನ ಸೊರೆ ಅದರ ಬಗ್ಗೆ ಲೇಖನ ಪ್ರಕಟಿಸಿದ. ಉಂಗುರಗಳು ಎಷ್ಟು ಸಣ್ಣವಿರಬೇಕು ಗೊತ್ತೇ? ಹಸಿರು ಬೆಳಕಿನ ಸುಮಾರು 1800 ಅಲೆಗಳನ್ನು ಸಾಲಾಗಿಟ್ಟರೆ 1 ಮಿಲಿಮೀಟರ್ ಆಗುತ್ತದೆ. ದೂರದಿಂದ ಬರುವ ಹಸಿರು ಬೆಳಕು 1 ಮೀಟರ್ ಆಚೆ ಸೇರಬೇಕೆಂದರೆ ನಡುವಿನ ವೃತ್ತದ ಅಗಲ ಸುಮಾರು 1.5 ಮಿಲಿಮೀಟರ್. ನೂರನೆಯ ವೃತ್ತದ ಅಗಲ ಸುಮಾರು 15 ಮಿಲಿಮೀಟರ್, ಅಂದರೆ ಒಂದು ದೊಡ್ಡ ಗುಂಡಿಯಷ್ಟು. ನೂರು ವೃತ್ತಗಳೂ ಅಷ್ಟರೊಳಗೇ! ಹೊರಗೆ ಹೋದಂತೆ ಉಂಗುರಗಳು ತೆಳ್ಳಗಾಗುತ್ತವೆ. ಕೊನೆಯದರ ಅಗಲ ತಲೆಗೂದಲಿನ ದಪ್ಪದ ಅರ್ಧದಷ್ಟು. ಕೈಯಿಂದ ಇದನ್ನು ಬರೆಯಲಾಗದು. ಕಾಗದದ ಮೇಲೆ ದೊಡ್ಡದಾಗಿ ಬರೆದು, ಅದರ ಫೋಟೊ ತೆಗೆದು ಚಿಕ್ಕದು ಮಾಡಿಕೊಳ್ಳುತ್ತಿದ್ದರು.

ಫಲಕದಲ್ಲಿ ಕೊರತೆಗಳೂ ಇದ್ದವು. ಕಪ್ಪು ಉಂಗುರಗಳಿಗೆ ಬಿದ್ದ ಬೆಳಕು ವ್ಯರ್ಥ. 1898ರಲ್ಲಿ ಅಮೆರಿಕದ ವುಡ್ ಇದಕ್ಕೊಂದು ಉಪಾಯ ಕಂಡ. ಹೆಜ್ಜೆ ತಪ್ಪಿದ ಬೆಳಕನ್ನು ತಡೆಯುವುದೇಕೆ? ಅರ್ಧ ಅಲೆಯಷ್ಟು ತಡಮಾಡಿಸಿದರೆ ಅದೂ ಹೆಜ್ಜೆ ಕೂಡಿಸುತ್ತದಲ್ಲ! ಕಪ್ಪು ಉಂಗುರದ ಜಾಗದಲ್ಲಿ ಸ್ವಲ್ಪ ದಪ್ಪದ ಪಾರದರ್ಶಕ ಉಂಗುರ ಬಂತು. ಬೆಳಕು ಸುಮಾರು ನಾಲ್ಕು ಪಟ್ಟು ಹೆಚ್ಚಿತು. ಇನ್ನೊಂದು ತೊಡಕು ಬಣ್ಣದ್ದು. ಕೆಂಪು ಬೆಳಕು ಹತ್ತಿರದಲ್ಲಿ ಸೇರಿದರೆ ನೀಲಿ ಬೆಳಕು ದೂರದಲ್ಲಿ ಸೇರುತ್ತದೆ. ಹಾಗಾಗಿ ಬಿಳಿ ಬೆಳಕಿನಲ್ಲಿ ಚಿತ್ರ ಮಸುಕು. 1960ರಲ್ಲಿ ಲೇಸರ್ ಬಂತು. ಅದರದು ಒಂದೇ ಬಣ್ಣ. ಚಪ್ಪಟೆ ಫಲಕಕ್ಕೆ ಹೇಳಿಮಾಡಿಸಿದ ಬೆಳಕು.

ಆಮೇಲೆ ಕಂಪ್ಯೂಟರ್ ಜೊತೆಗೂಡಿತು. ಗೋಡೆಯ ಮೇಲೆ ನಕ್ಷತ್ರದ ಚಿತ್ರ ಬೇಕೆಂದರೆ ಫಲಕದ ಮೇಲೆ ಎಲ್ಲೆಲ್ಲಿ ಎಷ್ಟೆಷ್ಟು ಎತ್ತರದ ಮೆಟ್ಟಿಲಿರಬೇಕು ಎಂದು ಅದು ಲೆಕ್ಕ ಹಾಕಿಕೊಡುತ್ತದೆ. ಹಾಗೆ ಕೆತ್ತಿದ ಪುಟ್ಟ ಫಲಕವನ್ನು ಲೇಸರ್ ಮುಂದೆ ಇಟ್ಟರೆ ಗೋಡೆಯ ಮೇಲೆ ನಕ್ಷತ್ರ ಮೂಡುತ್ತದೆ. ಫಲಕದ ಮೇಲೆ ಹುಡುಕಿದರೆ ನಕ್ಷತ್ರದ ಆಕಾರ ಎಲ್ಲೂ ಕಾಣದು! ಜಾತ್ರೆಯಲ್ಲಿ ಮಾರುವ ಕೆಲವು ಲೇಸರ್ ಟಾರ್ಚುಗಳ ಮುಚ್ಚಳದಲ್ಲಿ ಇಂಥ ಫಲಕಗಳಿರುತ್ತವೆ. ಮುಖ ನೋಡಿ ತೆರೆದುಕೊಳ್ಳುವ ಕೆಲವು ಮೊಬೈಲ್ ಫೋನುಗಳು ನಮ್ಮ ಮುಖದ ಮೇಲೆ ಕಣ್ಣಿಗೆ ಕಾಣದ ಸಾವಿರಾರು ಚುಕ್ಕೆಗಳನ್ನು ಚೆಲ್ಲುವುದೂ ಇಂಥ ಫಲಕದಿಂದಲೇ. ಉಬ್ಬು ಗಾಜಿಗೆ ಬಗ್ಗದ ಎಕ್ಸ್ ಕಿರಣಗಳನ್ನು ಒಂದೆಡೆ ಸೇರಿಸಲು ವಿಜ್ಞಾನಿಗಳು ವಲಯ ಫಲಕಗಳನ್ನೇ ಬಳಸುತ್ತಾರೆ.

ನೀವೂ ಮಾಡಿ ನೋಡಿ

ಬೇಕಾದದ್ದು ಒಂದು ಕೊಡೆ ಮಾತ್ರ. ನೈಲಾನ್ ಬಟ್ಟೆಯದಾದರೆ ಒಳ್ಳೆಯದು. ರಾತ್ರಿ ಕೊಡೆ ಬಿಚ್ಚಿ, ಅದರ ಬಟ್ಟೆಯ ಮೂಲಕ ದೂರದ ಒಂದು ಬೀದಿದೀಪವನ್ನು ನೋಡಿ. ದೀಪ ಎಷ್ಟು ದೂರವಿದ್ದು ಚುಕ್ಕೆಯಂತೆ ಕಂಡರೆ ಅಷ್ಟು ಚೆನ್ನ. ಒಂದು ದೀಪದ ಸುತ್ತ ಅಡ್ಡಕ್ಕೂ ಉದ್ದಕ್ಕೂ ಚುಕ್ಕೆಗಳ ಸಾಲು ಕಾಣುತ್ತದೆ. ಅಂಚುಗಳಲ್ಲಿ ಬಣ್ಣವೂ ಇರಬಹುದು. ಬಟ್ಟೆಯ ನೂಲುಗಳ ಸಂದಿಯಲ್ಲಿ ಹಾದ ಬೆಳಕು ಬಾಗಿ, ಕೂಡಿ, ನಿಮ್ಮ ಕಣ್ಣಿನೊಳಗೆ ಈ ಚಿತ್ರ ಬಿಡಿಸುತ್ತದೆ. ಸೂರ್ಯನನ್ನಾಗಲಿ ಲೇಸರ್ ಬೆಳಕನ್ನಾಗಲಿ ಹೀಗೆ ಎಂದಿಗೂ ನೋಡಬೇಡಿ, ಕಣ್ಣು ಹೋದೀತು.

ಈಗ ಕೊಡೆಯನ್ನು ಮೆಲ್ಲನೆ ತಿರುಗಿಸಿ. ಚುಕ್ಕೆಗಳ ಸಾಲೂ ತಿರುಗುತ್ತದೆ. ಆಮೇಲೆ ಅಮ್ಮನ ತೆಳು ದುಪಟ್ಟಾ, ಅಜ್ಜನ ಪಂಚೆ ಹೀಗೆ ಬೇರೆ ಬೇರೆ ಬಟ್ಟೆಗಳನ್ನು ಹಿಡಿದು ನೋಡಿ. ನೂಲುಗಳು ಒತ್ತೊತ್ತಾಗಿದ್ದಷ್ಟೂ ಚುಕ್ಕೆಗಳು ದೂರ ದೂರ ನಿಲ್ಲುತ್ತವೆ. ಯಾವ ಬಟ್ಟೆಯಲ್ಲಿ ಹೇಗೆ ಕಂಡಿತು ಎಂದು ನೋಟ್ ಪುಸ್ತಕದಲ್ಲಿ ಚಿತ್ರ ಬರೆದು ಮೇಷ್ಟ್ರಿಗೆ ತೋರಿಸಿ.